ಓರಾನ್ ಊರಿನವನು

ಕುದುರೆ ವ್ಯಾಪಾರದ ಮನೆಯಲ್ಲಿ ಹುಟ್ಟಿದವರಿಗೆ ಒಂದು ಕಾಯಿಲೆ ಇರುತ್ತದೆ. ಎದುರಿಗೆ ಬಂದವರ ಮುಖ ನೋಡುವ ಮೊದಲು ಹಲ್ಲು ನೋಡುತ್ತಾರೆ. ಆನ್ಸೆಲ್ಮ್ ಗಿಯೋ ನಾರ್ಮಂಡಿಯ ಅಂಥದೇ ಮನೆಯವನು. ಅವನಪ್ಪ ಸಂತೆಯಲ್ಲಿ ಕುದುರೆಯ ಬಾಯಿ ಬಿಡಿಸಿ, ಗೊರಸು ತಟ್ಟಿ, ಬಾಲ ಎತ್ತಿ ನೋಡಿ, ಇಷ್ಟೆಲ್ಲ ಆದ ಮೇಲೂ ಮಾರುವವನ ಹೆಂಡತಿ ಅತ್ತ ತಿರುಗಿ ನಕ್ಕಳೇ ಎಂದು ಓರೆಗಣ್ಣಲ್ಲಿ ಗಮನಿಸುತ್ತಿದ್ದನಂತೆ. ಮಗ ಯುದ್ಧಕ್ಕೆ ಬಂದು ವಿಮಾನ ಹಾರಿಸುವವನಾದರೂ ಈ ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಬರಲಿಲ್ಲ.

ಅದು ೧೯೧೭ರ ವಸಂತ. ಫ್ರಾನ್ಸಿನ ಪೂರ್ವಗಡಿಯ ಬೆಲ್ಫೋರ್ ಕೋಟೆಯಿಂದ ಎರಡು ಹರದಾರಿ ದೂರದ ಹುಲ್ಲುಗಾವಲಿನಲ್ಲಿ ಅವರ ದಳದ ಹತ್ತು ವಿಮಾನಗಳು ನಿಂತಿದ್ದವು. ಮರದ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ರೆಕ್ಕೆಗಳ ನಡುವೆ ತಂತಿಗಳ ಜಾಲ. ಮುಂದಿನ ಗುಳಿಯಲ್ಲಿ ನಡೆಸುವವನು, ಹಿಂದಿನ ಗುಳಿಯಲ್ಲಿ ಕ್ಯಾಮೆರಾ ಮತ್ತು ಮಷಿನ್‌ಗನ್ ಹಿಡಿದವನು. ಹಾರುವ ಮುನ್ನ ಆನ್ಸೆಲ್ಮ್ ಒಂದೊಂದು ತಂತಿಯನ್ನೂ ಬೆರಳಿನಿಂದ ಮೀಟಿ ನೋಡುತ್ತಿದ್ದ. ಅದನ್ನು ಕಂಡರೆ ಮೆಕ್ಯಾನಿಕ್ ಪೆರೆಸನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಮೀಟಿ, ಮೀಟಿ, ಸಂಗೀತ ಬರ್ತದೇನೋ ನೋಡಿ," ಎನ್ನುತ್ತಿದ್ದ ಪೆರೆಸ್, ಎಂಜಿನ್ನಿನ ಹರಳೆಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತ. "ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಿಗಿದದ್ದು. ನನ್ನ ಮೇಲೆ ನಂಬಿಕೆ ಇಲ್ದಿದ್ರೆ ರೆಕ್ಕೆ ನೀವೇ ಕಟ್ಕೊಂಡು ಹಾರಿ."

"ನಿನ್ನ ಮೇಲೆ ನಂಬಿಕೆ ಇದೆ ಕಣಯ್ಯಾ. ತಂತಿ ಮೇಲೆ ಇಲ್ಲ."

ಇದು ಸುಳ್ಳು. ಅವನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಆದರೂ ಅಲ್ಲಿಯವರೆಗೆ ಅವನ ಅನುಮಾನ ಯಾರ ಕೂದಲನ್ನೂ ಕೊಂಕಿಸಿರಲಿಲ್ಲ. ಹಿಂದಿನ ಸೀಟಿಗೆ ಪಾಲ್ ದುಬ್ವಾ ಬಂದ ಮೇಲೆ ಕತೆ ಬೇರೆಯಾಯಿತು.

ದುಬ್ವಾ ಇಪ್ಪತ್ತಮೂರರ ಸಾರ್ಜೆಂಟ್. ಸಣಕಲು ಮೈ, ಗಲ್ಲದ ಕೆಳಗೊಂದು ಹಳೆಯ ಗಾಯದ ಗುರುತು, ಮಾತು ಕಡಿಮೆ. ಕಾಗದಪತ್ರದಲ್ಲಿ ಹುಟ್ಟಿದ ಊರು ಆಲ್ಜೀರಿಯದ ಓರಾನ್ ಎಂದಿತ್ತು. ಪೆರೆಸ್ ಕೂಡ ಓರಾನಿನವನೇ. ಸಮುದ್ರದಾಚೆಯಿಂದ ತನ್ನೂರಿನವನೊಬ್ಬ ಬಂದನಲ್ಲ ಎಂದು ಅವನು ಮೊದಲ ಮಧ್ಯಾಹ್ನವೇ ಊಟದ ಮೇಜಿಗೆ ಓಡಿಬಂದು ದುಬ್ವಾನ ಪಕ್ಕ ಕೂತ. ಆ ದಿನ ಬೇಯಿಸಿದ ಮಸೂರದ ಕಾಳು, ಹಂದಿಮಾಂಸದ ತುಂಡು, ಬ್ರೆಡ್ಡು, ಕೆಂಪು ವೈನು.

"ಯಾವ ಬೀದಿ ನಿಮ್ದು?"

"ಬಂದರಿನ ಹತ್ರ," ಎಂದ ದುಬ್ವಾ.

"ಬಂದರಿನ ಹತ್ರ ನೂರು ಬೀದಿ ಇದಾವೆ ಮಾರಾಯ. ಹೋಗ್ಲಿ, ಟೌನ್ ಹಾಲ್ ಮುಂದೆ ಏನಿದೆ ಹೇಳು."

ದುಬ್ವಾ ಕಾಳನ್ನು ಚಮಚದಲ್ಲಿ ಕಲಕಿದ. "ಮರಗಳು."

ಪೆರೆಸ್ ಬ್ರೆಡ್ಡು ಕೆಳಗಿಟ್ಟ. "ಮರ? ಲೋ, ಎರಡು ಕಂಚಿನ ಸಿಂಹ ಇದಾವೆ ಕಣೋ, ಒಂದೊಂದು ಎತ್ತಿನಗಾಡಿಯಷ್ಟು. ಓರಾನಲ್ಲಿ ಹುಟ್ಟಿದ ಯಾವ ಮಗು ಅದರ ಬೆನ್ನೇರಿ ಜಾರಿ ಬಿದ್ದಿಲ್ಲ ಹೇಳು. ನಮ್ಮಮ್ಮ ನನ್ನನ್ನ ಎಡಗಡೆ ಸಿಂಹದ ಬಾಲ ಹಿಡಿದೇ ನಡೆಯೋದು ಕಲಿಸಿದ್ದಂತೆ. ನೀನೇನು, ಕಣ್ಣು ಮುಚ್ಕೊಂಡು ಬೆಳೆದ್ಯಾ?"

ಮೇಜಿನವರೆಲ್ಲ ನಕ್ಕರು. ದುಬ್ವಾನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು. "ಸಣ್ಣವನಿದ್ದಾಗಲೇ ಊರು ಬಿಟ್ವಿ," ಎಂದು ಗೊಣಗಿದ. ಮೇಜಿನ ತುದಿಯಲ್ಲಿದ್ದ ಆನ್ಸೆಲ್ಮ್ ಮಾತ್ರ ನಗಲಿಲ್ಲ. ಅವನು ಹಲ್ಲು ನೋಡಿಯಾಗಿತ್ತು.

ಅಲ್ಲಿಂದ ಮುಂದೆ ಹುಡುಕಿದವನಿಗೆ ಸಿಗದ್ದೇನು? ಮಷಿನ್‌ಗನ್ನಿಗೆ ಹಾಕುವ ಗುಂಡು ದುಂಡನೆಯ ತಟ್ಟೆಗಳಲ್ಲಿ ಬರುತ್ತದೆ. ಒಂದು ಬೆಳಿಗ್ಗೆ ದುಬ್ವಾ ವಿಮಾನದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಟ್ಟೆಗೆ ಗುಂಡು ತುಂಬುತ್ತ ಬಾಯೊಳಗೇ ಎಣಿಸುತ್ತಿದ್ದ. ಆನ್ಸೆಲ್ಮ್ ರೆಕ್ಕೆಯ ಈಚೆ ಉಸಿರು ಹಿಡಿದು ನಿಂತು ಆಲಿಸಿದ. ಐನ್ಸ್, ಜ್ವೈ, ದ್ರೈ. ಜರ್ಮನ್ ಎಣಿಕೆ. ಮನುಷ್ಯ ಯಾವ ಭಾಷೆಯಲ್ಲಿ ಬೇಕಾದರೂ ಹರಟಬಹುದು, ಆದರೆ ಒಬ್ಬನೇ ಕೂತಾಗ ಅಮ್ಮ ಹೇಳಿಕೊಟ್ಟ ಭಾಷೆಯಲ್ಲೇ ಎಣಿಸುತ್ತಾನೆ. ಇದು ಆನ್ಸೆಲ್ಮನಿಗೆ ಸಂತೆಯಲ್ಲಿ ಗೊತ್ತಾದ ವಿಷಯ.

ಆಮೇಲೆ ಪತ್ರಗಳು. ದಳದಲ್ಲಿ ಎಲ್ಲರಿಗೂ ಮನೆಯಿಂದ ಪತ್ರ ಬರುತ್ತಿತ್ತು. ದುಬ್ವಾನಿಗೆ ಮಾತ್ರ ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ. ಯಾರು ಎಂದು ಕೇಳಿದರೆ ಚಿಕ್ಕಮ್ಮ ಎನ್ನುತ್ತಿದ್ದ. ಓರಾನಿನವನಿಗೆ ಬಾಸೆಲಿನಲ್ಲಿ ಚಿಕ್ಕಮ್ಮ. ಆಗಬಾರದೆಂದಿಲ್ಲ. ಆದರೆ ಓದಿದ ಕೂಡಲೇ ಪತ್ರವನ್ನು ಒಲೆಗೆ ಹಾಕುವುದು ಏಕೆ?

ಎಲ್ಲಕ್ಕಿಂತ ಹೆಚ್ಚಾಗಿ ಆ ಬಿಳಿ ಬಟ್ಟೆಗಳು. ಅವರ ಕೆಲಸ ಗಡಿಯಾಚೆ ಜರ್ಮನರ ಕೈಯಲ್ಲಿದ್ದ ಆಲ್ಸಾಸ್ ಬಯಲಿನ ಮೇಲೆ ಹಾರಿ ಜರ್ಮನರ ರೈಲುದಾರಿ, ಫಿರಂಗಿಗಳ ಫೋಟೋ ತೆಗೆಯುವುದು. ವಾಪಸು ಬರುವಾಗ ಪ್ರತಿ ಸಲವೂ ದುಬ್ವಾ ಹಿಂದಿನಿಂದ ಆನ್ಸೆಲ್ಮನ ಭುಜ ತಟ್ಟಿ ಎಡಕ್ಕೆ ಬೆರಳು ತೋರಿಸುತ್ತಿದ್ದ. ಎಡಕ್ಕೆ ರೀಡ್‌ವೀಲರ್ ಎಂಬ ಹಳ್ಳಿ. ಅಲ್ಲಿ ರೈಲಿಲ್ಲ, ಫಿರಂಗಿಯಿಲ್ಲ. ಹಳ್ಳಿಯ ತುದಿಗೆ ಒಂದು ಮನೆ, ಹಿಂದೆ ಹುಲ್ಲುಹಾಸು, ಹುಲ್ಲಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿದ ಎರಡು ಬಿಳಿ ಹಾಸಿಗೆ ಬಟ್ಟೆ. ವಿಮಾನದ ಸದ್ದಾದ ಕೂಡಲೇ ಒಬ್ಬ ಹೆಂಗಸು ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. ದುಬ್ವಾ ಅರ್ಧ ಮೈ ಹೊರಗೆ ಚಾಚಿ ಕೆಳಗೆ ನೋಡುತ್ತಿದ್ದ. ಕೇಳಿದರೆ, "ದಿಕ್ಕಿನ ಗುರುತಿಗೆ," ಎಂದ.

ಬಟ್ಟೆ ಒಣಗಿಸುವುದು ಲೋಕದ ಹೆಂಗಸರೆಲ್ಲ ಮಾಡುವ ಕೆಲಸ. ಆದರೆ ಪ್ರತಿ ದಿನ ಎರಡೇ ಬಟ್ಟೆ, ಅದೇ ಜಾಗದಲ್ಲಿ? ಕೆಳಗಿನವರು ಮೇಲಿನವನಿಗೆ ಏನೋ ಹೇಳುತ್ತಿದ್ದಾರೆ, ಅಥವಾ ಮೇಲಿನವನು ಕೆಳಗಿನವರಿಗೆ. ಆನ್ಸೆಲ್ಮನ ಬೆನ್ನು ಅಂದಿನಿಂದ ತಣ್ಣಗಾಯಿತು. ಶತ್ರು ಮುಂದಿದ್ದರೆ ಕಣ್ಣಿದೆ. ಹಿಂದಿನ ಗುಳಿಯಲ್ಲೇ ಕೂತು, ಕೈಯಲ್ಲಿ ಮಷಿನ್‌ಗನ್ ಹಿಡಿದಿದ್ದರೆ ಏನಿದೆ?

ಏಪ್ರಿಲ್ ಕೊನೆಯಲ್ಲಿ ಒಂದು ಜರ್ಮನ್ ವಿಮಾನ ಅವರ ಬಾಲಕ್ಕೆ ಬಿತ್ತು. ದುಬ್ವಾ ಆರೇಳು ಗುಂಡು ಹಾರಿಸಿದ, ಗನ್ನು ಕಚ್ಚಿಕೊಂಡಿತು. ಆನ್ಸೆಲ್ಮ್ ಮೋಡದೊಳಗೆ ಧುಮುಕಿ ಹೇಗೋ ತಪ್ಪಿಸಿಕೊಂಡು ಬಂದ. ರೆಕ್ಕೆಯಲ್ಲಿ ಹದಿನಾಲ್ಕು ತೂತು.

"ಮೂರನೇ ತಟ್ಟೆ ಸ್ಪ್ರಿಂಗು ಸಡಿಲ," ಎಂದ ದುಬ್ವಾ, ಬೆವರೊರೆಸಿಕೊಳ್ಳುತ್ತ. "ಇನ್ನು ಅದನ್ನ ಉಪಯೋಗಿಸ್ಬಾರ್ದು."

ಸ್ಪ್ರಿಂಗಂತೆ. ಆನ್ಸೆಲ್ಮ್ ನೆಟ್ಟಗೆ ಕ್ಯಾಪ್ಟನ್ ಮೋರ್ವಾನನ ಕೋಣೆಗೆ ನಡೆದ. ಮೋರ್ವಾನ್ ಬ್ರಿಟನಿ ಕಡಲತೀರದವನು, ಐವತ್ತು ಸಮೀಪಿಸಿದವನು, ಬಾಯಲ್ಲಿ ಸದಾ ಪೈಪು. ಸಿಂಹ, ಎಣಿಕೆ, ಬಾಸೆಲ್, ಬಟ್ಟೆ, ಗನ್ನು, ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡ.

"ಆಯ್ತಾ?" ಎಂದ.

"ಆಯ್ತು ಕ್ಯಾಪ್ಟನ್ರೇ."

"ನೀನು ವಿಮಾನ ನಡೆಸು, ಗಿಯೋ. ನನ್ನ ಜನರನ್ನ ನಾನು ನೋಡ್ಕೊಳ್ತೀನಿ."

"ಹಾಗಾದ್ರೆ ಅವನನ್ನ ನನ್ನ ಹಿಂದೆ ಕೂರಿಸ್ಬೇಡಿ. ಕೂರಿಸಿದ್ರೆ ನಾನು ಹಾರಲ್ಲ. ಕೋರ್ಟಿಗೆ ಬೇಕಾದ್ರೂ ಹಾಕಿ."

 ಮೋರ್ವಾನ್ ಹಾರಾಟದ ಪಟ್ಟಿ ತೆಗೆದು ದುಬ್ವಾನ ಹೆಸರನ್ನು ಇನ್ನೊಬ್ಬ ವಿಮಾನ ನಡೆಸುವವನಾದ ಲೆಫ್ಟಿನೆಂಟ್ ಸೆವೆರಾಕನ ಹೆಸರಿನ ಮುಂದೆ ಬರೆದ. ಆನ್ಸೆಲ್ಮ್ ಹೊರಬಂದಾಗ ಗೆದ್ದೆನೆಂದುಕೊಳ್ಳಲಿಲ್ಲ. ಕ್ಯಾಪ್ಟನ್ನನೂ ಮಂಕುಬೂದಿಗೆ ಸಿಕ್ಕಿದ್ದಾನೆ ಎಂದುಕೊಂಡ.  ಅವನ ಮತ್ತು ದುಬ್ವಾನ ಮಂಚ ಒಂದೇ ಗುಡಾರದಲ್ಲಿ ಅಕ್ಕಪಕ್ಕದಲ್ಲೇ ಇತ್ತು. ಮರುದಿನ ಬೆಳಿಗ್ಗೆ ದುಬ್ವಾ ಎದ್ದು ಎಂದಿನಂತೆ ಆನ್ಸೆಲ್ಮನಿಗೂ ಒಂದು ಲೋಟ ಕಾಫಿ ತಂದಿಟ್ಟು ಹೋದ. ಆನ್ಸೆಲ್ಮ್ ಅದನ್ನು ಮೂಸಿ ನೋಡಿ ಹೊರಗೆ ಚೆಲ್ಲಿದ.

ಎಂಟನೇ ದಿನ ಸೆವೆರಾಕ್ ಮತ್ತು ದುಬ್ವಾ ವಾಪಸು ಬರಲಿಲ್ಲ.

ಜೊತೆಗೆ ಹಾರಿದ್ದವರು ಬಂದು ಹೇಳಿದ್ದಿಷ್ಟು. ಗುಂಡಿನ ಸದ್ದಿಲ್ಲ, ಹೊಗೆಯಿಲ್ಲ. ರೈನ್ ನದಿಯ ಹತ್ತಿರ ಸೆವೆರಾಕನ ವಿಮಾನದ ಪ್ರೊಪೆಲ್ಲರ್ ನಿಂತಿತು. ವಿಮಾನ ತೇಲುತ್ತ ಇಳಿದು ಜರ್ಮನರ ಕಡೆಯ ಒಂದು ಗದ್ದೆಯಲ್ಲಿ ಮುಗ್ಗರಿಸಿತು. ಇಬ್ಬರೂ ಎದ್ದು ಓಡಾಡಿದ್ದು ಕಂಡಿತು.

"ಆ ಎಂಜಿನ್ ಮೂರು ದಿನದಿಂದ ಕೆಮ್ತಾ ಇತ್ತು," ಎಂದ ಪೆರೆಸ್ ಕಣ್ಣು ಕೆಂಪು ಮಾಡಿಕೊಂಡು. "ಲೆಫ್ಟಿನೆಂಟ್ರಿಗೆ ಬೇಡ ಅಂದೆ. ಕೇಳಿದ್ರಾ."

ಆನ್ಸೆಲ್ಮನ ಕಿವಿಗೆ ಪೆರೆಸನ ಮಾತು ಬೀಳಲಿಲ್ಲ. ಗುಂಡು ಹಾರದೆ, ಬೆಂಕಿ ಹತ್ತದೆ, ಹೂವಿನಂತೆ ಇಳಿಸಿಕೊಂಡನಲ್ಲ. ಸೆವೆರಾಕನ ಬೆನ್ನಿಗೆ ಪಿಸ್ತೂಲು ಹಿಡಿದು ಇಳಿಸಿರಬೇಕು. ಪಕ್ಷಿ ಗೂಡಿಗೆ ಸೇರಿತು ಎಂದುಕೊಂಡ. ಸೆವೆರಾಕ್ ಒಳ್ಳೆಯವನು, ಅವನ ಹೆಂಡತಿ ಚೊಚ್ಚಲ ಬಸುರಿ. ಅವನನ್ನು ತಾನೇ ಬಲಿ ಕೊಟ್ಟೆ ಎಂದು ಆನ್ಸೆಲ್ಮನಿಗೆ ಅನ್ನಿಸಿತು.

ಮರಳದವನ ಸಾಮಾನನ್ನು ಪಕ್ಕದ ಮಂಚದವನು ಕಟ್ಟಬೇಕು. ಅದು ದಳದ ರೂಢಿ. ಅದೇ ಪಕ್ಕದ ಮಂಚದವನು ಇನ್ನೊಂದು ಕೆಲಸವನ್ನೂ ಮಾಡಬೇಕು. ನಮ್ಮವರು ಬದುಕಿದ್ದಾರೆಯೇ ಎಂದು ಕೇಳುವ ಚೀಟಿ ಬರೆದು, ಮರಳಿನ ಚೀಲಕ್ಕೆ ಕಟ್ಟಿ, ಉದ್ದನೆಯ ಬಣ್ಣದ ಪಟ್ಟಿ ಬಿಟ್ಟು, ಶತ್ರುವಿನ ವಿಮಾನ ಮೈದಾನದ ಮೇಲೆ ಎಸೆದು ಬರಬೇಕು. ಅವರೂ ಹಾಗೇ ಉತ್ತರ ಎಸೆಯುತ್ತಾರೆ. ಬೆಳಗಿನ ಹೊತ್ತು ಒಬ್ಬರನ್ನೊಬ್ಬರು ಸುಟ್ಟು ಉರುಳಿಸುವ ಜನ ಈ ಒಂದು ಮರ್ಯಾದೆಯನ್ನು ಮಾತ್ರ ಯಾರೂ ಹೇಳಿಕೊಡದೆ ಕಾಪಾಡಿಕೊಂಡು ಬಂದಿದ್ದರು.

ಸಂಜೆಯ ಬಿಸಿಲಿರುವಾಗಲೇ ಆನ್ಸೆಲ್ಮ್ ದುಬ್ವಾನ ಪೆಟ್ಟಿಗೆ ತೆರೆದ. ಎರಡು ಅಂಗಿ, ಕ್ಷೌರದ ಕತ್ತಿ, ಉಣ್ಣೆಯ ಕಾಲುಚೀಲ, ಒಂದು ಹಳೆಯ ಪ್ರಾರ್ಥನೆ ಪುಸ್ತಕ. ಪುಸ್ತಕ ಜರ್ಮನ್ ಅಕ್ಷರದ್ದು. ಒಳಗಿನ ಮೊದಲ ಪುಟದ ಮೇಲೆ ಬೇರೊಂದು ಕಾಗದ ಅಂಟಿಸಿತ್ತು. ಹೇಸರಗತ್ತೆಗೆ ಬಣ್ಣ ಬಳಿದು ಕುದುರೆ ಎಂದು ಮಾರುವವರನ್ನು ಕಂಡು ಬೆಳೆದವನಿಗೆ ಇಷ್ಟು ಸಾಕು. ಒದ್ದೆ ಬಟ್ಟೆ ಒತ್ತಿ ಕಾಗದ ಕಿತ್ತ. ಕೆಳಗೆ ವಕ್ರವಕ್ರವಾದ ಕೈಬರಹ: ಜೋಸೆಫ್ ಎಹ್ರೆಟ್, ರೀಡ್‌ವೀಲರ್. ಚರ್ಚಿನಲ್ಲಿ ಪ್ರಥಮ ಪರಮಪ್ರಸಾದ ಪಡೆದ ದಿನ, ಅಮ್ಮನಿಂದ.

ರೀಡ್‌ವೀಲರ್. ಆ ಬಿಳಿ ಬಟ್ಟೆಗಳ ಊರು.

 ತಿಂಗಳಿಂದ ಆನ್ಸೆಲ್ಮನೊಬ್ಬನಿಗೇ ಕಂಡದ್ದು ಈಗ ಶಾಯಿಯಲ್ಲಿ ಕೈಗೆ ಸಿಕ್ಕಿತ್ತು. ನಿಜ ಹೇಳಬೇಕೆಂದರೆ ಅವನಿಗೆ ದುಃಖಕ್ಕಿಂತ ಹಿಗ್ಗು ಹೆಚ್ಚಾಗಿತ್ತು. ಕ್ಯಾಪ್ಟನ್ ಸಭೆಗೆಂದು ಬೆಲ್ಫೋರಿಗೆ ಹೋಗಿದ್ದ, ಮರುದಿನ ಬರುವವನು. ಕೇಳುವವರಿಲ್ಲ. ಆನ್ಸೆಲ್ಮ್ ಚೀಟಿಯನ್ನು ಹೀಗೆ ಬರೆದ:

"ನಮ್ಮ ಲೆಫ್ಟಿನೆಂಟ್ ಸೆವೆರಾಕ್ ಕ್ಷೇಮವೇ, ದಯವಿಟ್ಟು ತಿಳಿಸಿ. ಅವರ ಹಿಂದೆ ಕೂತಿದ್ದ ಸಾರ್ಜೆಂಟ್ ಪಾಲ್ ದುಬ್ವಾ, ಅಂದರೆ ರೀಡ್‌ವೀಲರಿನ ಜೋಸೆಫ್ ಎಹ್ರೆಟ್, ಮನೆ ಸೇರಿರುವನೆಂದು ನಂಬಿದ್ದೇವೆ. ಅವಸರದಲ್ಲಿ ಪ್ರಾರ್ಥನೆ ಪುಸ್ತಕ ಬಿಟ್ಟು ಹೋಗಿದ್ದಾನೆ. ಬೇಕಿದ್ದರೆ ಕಳಿಸಿಕೊಡುತ್ತೇವೆ."

ಚುಚ್ಚುಮಾತಿನ ಜೊತೆಗೆ ಅದರಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಅವನು ಅವರ ಗೂಢಚಾರನಾದರೆ ಉತ್ತರದಲ್ಲಿ ಎಲ್ಲೋ ಒಂದು ಕಡೆ ಬಾಲ ಆಡುತ್ತದೆ, ಕ್ಯಾಪ್ಟನ್ನನ ಮುಂದೆ ಹಿಡಿಯಬಹುದು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನೇ ಹಾರಿದ. ಫಿರಂಗಿಯ ಹೊಗೆ ಸುತ್ತ ಸಿಡಿಯುತ್ತಿದ್ದರೂ ತಗ್ಗಿಗೆ ಇಳಿದು ಜರ್ಮನ್ ಮೈದಾನದ ನಟ್ಟನಡುವೆ ಚೀಲ ಎಸೆದ.

ನಾಲ್ಕು ಗಂಟೆಗೆ ಮೋರ್ವಾನ್ ಬಂದ. ಆನ್ಸೆಲ್ಮ್ ಪುಸ್ತಕವನ್ನು ಮೇಜಿನ ಮೇಲಿಟ್ಟು, ಪುಟ ತೆರೆದು ತೋರಿಸಿ, ಚೀಟಿಯಲ್ಲಿ ಬರೆದದ್ದನ್ನು ಬಾಯಿಪಾಠ ಒಪ್ಪಿಸಿದ. ಮೋರ್ವಾನ್ ಬಾಯಿಂದ ಪೈಪು ತೆಗೆದ.

"ಆ ಚೀಟಿ ಎಲ್ಲಿ?"

"ಎಸೆದಾಯ್ತು. ಮೈದಾನದ ನಡುಮಧ್ಯಕ್ಕೇ ಬಿತ್ತು, ಒಬ್ಬ ಓಡಿ ಬಂದು ಎತ್ಕೊಂಡ. ನಾನೇ ನೋಡ್ದೆ."

ಮೋರ್ವಾನ್ ಕುರ್ಚಿಯಲ್ಲಿ ಕುಸಿದು ಕೂತ. ಅವನು ಬೈದಿದ್ದರೆ ಆನ್ಸೆಲ್ಮನಿಗೆ ಸುಲಭವಾಗುತ್ತಿತ್ತು. ಅವನು ಮೆಲ್ಲಗೆ ಮಾತಾಡಿದ.

"ದುಬ್ವಾನ ಅಪ್ಪ ಹುಟ್ಟಿದಾಗ ಆ ಹಳ್ಳಿ ನಮ್ದು, ಗಿಯೋ. ಇವನು ಹುಟ್ಟಿದಾಗ ಜರ್ಮನರದು. ಹಳ್ಳಿ ಅಲ್ಲೇ ಇತ್ತು, ಗಡಿ ನಡ್ಕೊಂಡು ಹೋಯ್ತು. ಯುದ್ಧ ಶುರುವಾದ ವಾರ ಇವನು ಬೆಟ್ಟ ಹತ್ತಿ ಬಂದು ನಮ್ಮ ಸೈನ್ಯ ಸೇರ್ದ. ಅವರ ಕಾನೂನಲ್ಲಿ ಅವನು ಅವರ ಪ್ರಜೆ, ಅವರ ಸಿಪಾಯಿ. ನೀನು ಸಿಕ್ಕಿಬಿದ್ರೆ ಯುದ್ಧಕೈದಿ. ಅವನು ಸಿಕ್ಕಿಬಿದ್ರೆ ದೇಶದ್ರೋಹಿ. ಗೋಡೆಗೆ ನಿಲ್ಲಿಸಿ ಗುಂಡು ಹೊಡೀತಾರೆ."

ಆನ್ಸೆಲ್ಮ್ ಮೇಜಿನ ಮೇಲಿನ ಪುಸ್ತಕ ಮುಚ್ಚಿದ. 

"ಅಂಥವರಿಗೆಲ್ಲ ನಾವೇ ಬೇರೆ ಹೆಸರು ಕೊಡ್ತೀವಿ. ಸಮುದ್ರದಾಚೆ ಯಾವ್ದಾದ್ರೂ ಊರು ಕೊಡ್ತೀವಿ, ಜರ್ಮನರು ಹೋಗಿ ವಿಚಾರಿಸಕ್ಕಾಗ್ದೇ ಇರೋ ಊರು. ಬಾಸೆಲಿನ ಚಿಕ್ಕಮ್ಮ ನಿಜವಾದ ಚಿಕ್ಕಮ್ಮ. ಆ ಎರಡು ಬಟ್ಟೆ ಅವರಮ್ಮ ಹಾಸೋದು. ಒಂದು ಅವಳಿಗೆ, ಒಂದು ಇವನ ತಂಗಿಗೆ. ಎರಡೂ ಇದ್ರೆ ಇಬ್ಬರೂ ಆರಾಮ ಅಂತ. ಅಷ್ಟು ನೋಡ್ಕೊಂಡು ಬರಕ್ಕೆ ನಾನೇ ಒಪ್ಪಿಗೆ ಕೊಟ್ಟಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ ಕ್ಯಾಪ್ಟನ್ರೇ?"

"ಯಾರಿಗೂ ಹೇಳ್ಬಾರ್ದು ಅಂತ ನಿಯಮ. ಅವನು ಬಿದ್ದ ದಿನ ನೀನೂ ಜೊತೆಗೆ ಬೀಳ್ತೀಯ, ನಿನ್ನ ಬಾಯಿಂದಲೂ ಹೊರಡ್ಬಾರ್ದು ಅಂತ. ನಿನ್ನ ಬಾಯಿ ಅಷ್ಟು ದೂರದಿಂದ ಕೆಲಸ ಮಾಡುತ್ತೆ ಅಂತ ನನಗೇನು ಗೊತ್ತು."

ಬಾಗಿಲಲ್ಲಿ ಪೆರೆಸ್ ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ. ಕೈಯಲ್ಲಿ ಗುಂಡಿನ ತಟ್ಟೆಯಿತ್ತು. "ಮೂರನೇ ತಟ್ಟೆ," ಎಂದ ನೆಲ ನೋಡುತ್ತ. "ಬಿಚ್ಚಿ ನೋಡ್ದೆ. ಸ್ಪ್ರಿಂಗು ನಿಜವಾಗ್ಲೂ ಸತ್ತಿದೆ. ಅದನ್ನ ಹೇಳೋಣ ಅಂತ ಬಂದೆ."

ಆನ್ಸೆಲ್ಮನ ತಲೆಯಲ್ಲಿ ಒಂದೇ ಒಂದು ಯೋಚನೆ ಮೂಡಿತು, ಅದು ಎಂಥ ಯೋಚನೆಯೆಂದರೆ ಜನ್ಮವಿಡೀ ಅವನು ಅದಕ್ಕೆ ನಾಚಿಕೊಂಡ. ದುಬ್ವಾ ಇಳಿಯುವಾಗಲೇ ಸತ್ತಿದ್ದರೆ ಒಳ್ಳೆಯದಿತ್ತು ಎಂದುಕೊಂಡ. ಚೆಲ್ಲಿದ ಕಾಫಿ ನೆನಪಾಯಿತು. ಅಲ್ಲೇ ನೆಲದ ಮೇಲೆ ಕೂತು, ಮೇಲಧಿಕಾರಿಯ ಎದುರು, ಮಕ್ಕಳಂತೆ ಅತ್ತ.

"ಅಳೋದು ಆಮೇಲೆ," ಎಂದ ಮೋರ್ವಾನ್. "ಇನ್ನೊಂದು ಚೀಟಿ ಬರಿ."

ಬರೆದ. ಹೀಗೆ ಬರೆದ: ನಾನು ಆನ್ಸೆಲ್ಮ್ ಗಿಯೋ. ಬೆಳಿಗ್ಗೆಯ ಚೀಟಿ ನನ್ನ ಕಟ್ಟುಕತೆ. ದುಬ್ವಾ ಇಸ್ಪೀಟಿನಲ್ಲಿ ನನ್ನ ಮೋಸವನ್ನು ಎಲ್ಲರ ಮುಂದೆ ಬಯಲು ಮಾಡಿದ. ಆ ಸಿಟ್ಟಿಗೆ, ಪಾಳುಬಿದ್ದ ಮನೆಯಲ್ಲಿ ನನಗೆ ಸಿಕ್ಕಿದ್ದ ಒಂದು ಪುಸ್ತಕದ ಹೆಸರನ್ನು ಅವನಿಗೆ ಅಂಟಿಸಿದೆ. ನಾನು ಹೊಟ್ಟೆಕಿಚ್ಚಿನ ಮನುಷ್ಯ, ಸುಳ್ಳುಗಾರ. ಇದನ್ನು ನನ್ನ ಕ್ಯಾಪ್ಟನ್ ಬಲ್ಲರು.

ಕ್ಯಾಪ್ಟನ್ ಕೆಳಗೆ ಸಹಿ ಹಾಕಿದ. ಪೆರೆಸ್ ಪೆನ್ನು ಕಸಿದುಕೊಂಡ.

"ನಂದೂ ಇರ್ಲಿ. ಅವನ ಗಲ್ಲದ ಕೆಳಗೆ ಗಾಯದ ಗುರುತಿದೆ, ಅಲ್ವಾ? ಎಲ್ಲಿ ಬಿದ್ನೋ ದೇವರಿಗೇ ಗೊತ್ತು. ಓರಾನಲ್ಲೇ ಬಿದ್ದ, ಎಡಗಡೆ ಸಿಂಹದ ಮೇಲಿಂದ. ನಮ್ಮ ಬೀದಿಯವನೇ. ನಾನೇ ಎತ್ಕೊಂಡು ಅವರಮ್ಮನ ಹತ್ರ ಬಿಟ್ಟೆ." ನಾಲಿಗೆ ತುದಿ ಕಚ್ಚಿಕೊಂಡು ದಪ್ಪ ಅಕ್ಷರದಲ್ಲಿ ಬರೆದು ಮುಗಿಸಿ, "ಅವನನ್ನ ಅವತ್ತು ಎಲ್ಲರ ಮುಂದೆ ಗೇಲಿ ಮಾಡ್ದೆನಲ್ಲ," ಎಂದ.

ಬೆಳಕಿರುವಾಗಲೇ ಆನ್ಸೆಲ್ಮ್ ಎರಡನೇ ಚೀಲವನ್ನೂ ಎಸೆದು ಬಂದ. ಆದರೆ ಅವನ ಎದೆಗೆ ಗೊತ್ತಿತ್ತು. ಬೆಳಿಗ್ಗೆ ಕುಂಟು ಎಂದು, ಸಂಜೆ ಕುಂಟಲ್ಲ ಎಂದು ಹೇಳುವವನ ಕುದುರೆಯನ್ನು ಅವನಪ್ಪ ಮುಟ್ಟುತ್ತಲೂ ಇರಲಿಲ್ಲ. ಅನುಮಾನದ ಕಣ್ಣು ಹೇಗೆ ನೋಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅತ್ತ ಕಡೆ ಯಾವನೋ ಒಬ್ಬ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಹಲ್ಲು ನೋಡುತ್ತಿರುತ್ತಾನೆ.

ಮರುದಿನ ರೀಡ್‌ವೀಲರ್ ಮೇಲೆ ಹಾರಿದ. ಎರಡು ಬಟ್ಟೆ ಇದ್ದವು. ಹೆಂಗಸು ಹೊರಗೆ ಬಂದು ಹಣೆಗೆ ಕೈಯಿಟ್ಟು ನೋಡಿದಳು. ಅವಳಿಗಿನ್ನೂ ಏನೂ ಗೊತ್ತಿಲ್ಲ, ಯಾರೂ ಅವಳ ಬಾಗಿಲು ತಟ್ಟಿಲ್ಲ. ಈ ವಿಮಾನದಲ್ಲೇ ಮಗನಿದ್ದಾನೆ ಎಂದುಕೊಂಡಿದ್ದಾಳೆ.  ಆದರೂ ಬಟ್ಟೆ ಇರುವವರೆಗೆ ದುಬ್ವಾನ ಜೀವ ಇದೆ ಎಂದು ಆನ್ಸೆಲ್ಮ್ ಎಣಿಸಿದ. ಅದರ ಮರುದಿನ ಬಂದಾಗ ಹುಲ್ಲಿನ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಮನೆಯ ಮುಂದೆ ಒಂದು ಸೈನ್ಯದ ಗಾಡಿ ನಿಂತಿತ್ತು.

ಆಮೇಲಿನ ನಾಲ್ಕು ದಿನ ಅವನು ಅನ್ನ ಮುಟ್ಟಿದ್ದನ್ನು ಯಾರೂ ಕಾಣಲಿಲ್ಲ. ತಂತಿ ಮೀಟುವುದನ್ನೂ ಬಿಟ್ಟ. ಪೆರೆಸನೇ ಬಂದು, "ಮೀಟಿ ನೋಡಿ, ಗಿಯೋ ಅವರೇ, ನೋಡದಿದ್ರೆ ನನಗೇ ಭಯ ಆಗ್ತದೆ," ಎಂದ.

ಐದನೇ ದಿನ ಮಧ್ಯಾಹ್ನ ಒಂದು ಜರ್ಮನ್ ವಿಮಾನ ಎತ್ತರದಿಂದ ಇಳಿದು, ಮೈದಾನದ ಮೇಲೆ ಒಂದು ಸುತ್ತು ಹಾಕಿ, ಬಿಳಿ ಪಟ್ಟಿ ಕಟ್ಟಿದ ಚೀಲ ಬಿಸಾಕಿ ಹೋಯಿತು. ಯಾರೂ ಅದಕ್ಕೆ ಗುಂಡು ಹಾರಿಸಲಿಲ್ಲ. ಮೋರ್ವಾನ್ ಪತ್ರ ಬಿಡಿಸಿ, ಒಮ್ಮೆ ತನ್ನಷ್ಟಕ್ಕೇ ಓದಿ, ಆಮೇಲೆ ಗಟ್ಟಿಯಾಗಿ ಓದಿದ. ಆನ್ಸೆಲ್ಮ್ ವಿಮಾನದ ಚಕ್ರ ಹಿಡಿದುಕೊಂಡು ನಿಂತಿದ್ದ.

"ಲೆಫ್ಟಿನೆಂಟ್ ಸೆವೆರಾಕ್ ಕ್ಷೇಮ. ಕಾಲು ಉಳುಕಿದೆ. ಹೆಂಡತಿಗೆ ತಿಳಿಸಬೇಕೆಂದು ಕೇಳಿದ್ದಾರೆ. ಸಾರ್ಜೆಂಟನ ವಿಷಯದಲ್ಲಿ ನಿಮ್ಮ ಎರಡು ಚೀಟಿಗಳು ನಮ್ಮನ್ನು ಕಷ್ಟಕ್ಕೆ ಸಿಕ್ಕಿಸಿದವು. ಒಂದು ಸುಳ್ಳಿರಬೇಕು, ಯಾವುದೆಂದು ಸೈನಿಕ ನ್ಯಾಯಾಲಯ ಕೇಳಿತು. ಕೈದಿ ತಾನು ಓರಾನಿನವನೆಂದೇ ಹೇಳಿದ. ಟೌನ್ ಹಾಲ್ ಮುಂದೆ ಏನಿದೆ ಎಂದರೆ, ಎರಡು ಕಂಚಿನ ಸಿಂಹ, ಎಡಗಡೆಯದರ ಬಾಲ ಹಿಡಿದು ನಡೆಯಲು ಕಲಿತೆ ಎಂದ."

ಪೆರೆಸ್ ಕೈಯಲ್ಲಿದ್ದ ಹರಳೆಣ್ಣೆಯ ಬಟ್ಟೆಯಿಂದಲೇ ಮುಖ ಮುಚ್ಚಿಕೊಂಡ.

"ಕೊನೆಗೆ ನ್ಯಾಯಾಲಯ ರೀಡ್‌ವೀಲರಿನ ವಿಧವೆ ಎಹ್ರೆಟ್ ಎಂಬಾಕೆಯನ್ನು ಕರೆಸಿ ಎದುರಿಗೆ ನಿಲ್ಲಿಸಿತು. ಇವನು ನಿನ್ನ ಮಗನೇ ಎಂದು ಕೇಳಿತು. ಭಾಷೆ ಬಲ್ಲವನೆಂದು ನಾನೂ ಅಲ್ಲಿದ್ದೆ. ಆಕೆ ಅವನನ್ನು ಬಹಳ ಹೊತ್ತು ನೋಡಿದಳು. ಅಲ್ಲ, ನನ್ನ ಮಗ ಇವನಿಗಿಂತ ಎತ್ತರ, ಅವನು ಯುದ್ಧಕ್ಕೆ ಮೊದಲೇ ಅಮೆರಿಕಕ್ಕೆ ಹೋದ, ಎಂದಳು. ಕೈದಿ ಈ ಹೆಂಗಸನ್ನು ತಾನು ಕಂಡೇ ಇಲ್ಲ ಎಂದ. ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು, ಯಾರ ಮಗನೋ ಏನೋ, ಸೊರಗಿದ್ದಾನೆ, ಹೊಟ್ಟೆಗೆ ಕೊಡಿ, ಎಂದಳು. ಸಾರ್ಜೆಂಟ್ ದುಬ್ವಾನನ್ನು ಬೇರೆ ಕೈದಿಗಳ ಜೊತೆ ಶಿಬಿರಕ್ಕೆ ಕಳಿಸಲಾಗಿದೆ. ನಿಮ್ಮ ಇಸ್ಪೀಟಿನ ಜಗಳಗಳನ್ನು ಇನ್ನು ಮುಂದೆ ನಿಮ್ಮಲ್ಲೇ ಮುಗಿಸಿಕೊಳ್ಳಿ."

ಬದುಕಿದ್ದಾನೆ. ಜನ ಆನ್ಸೆಲ್ಮನ ಬೆನ್ನು ತಟ್ಟಿದರು. ಅವನಿಗೆ ನಗಲು ಬರಲಿಲ್ಲ. ಮೂರು ವರ್ಷದ ಹಿಂದೆ ಮನೆ ಬಿಟ್ಟು, ಈಚೆಗೆ ಆಕಾಶದಲ್ಲಷ್ಟೇ ಕಂಡ ಮಗ ಒಂದು ಕೋಣೆಯಲ್ಲಿ, ಕೈಗೆಟುಕುವಷ್ಟು ಹತ್ತಿರ ನಿಂತಿದ್ದಾಗ, ಅವನನ್ನು ಮುಟ್ಟದೆ, ಅಲ್ಲ ಎಂದು ಹೇಳಿ ಹೊರಗೆ ನಡೆದ ಆ ಹೆಂಗಸಿನ ಕಾಲುಗಳನ್ನೇ ಅವನು ನೆನೆಯುತ್ತಿದ್ದ. ಆ ಕೋಣೆಗೆ ಅವಳನ್ನು ನಡೆಸಿಕೊಂಡು ಹೋದವನು ತಾನು.

ಹದಿನೈದು ದಿನ ಕಳೆದು, ಹೊಸಬನೊಬ್ಬನನ್ನು ಹಿಂದೆ ಕೂರಿಸಿಕೊಂಡು ವಾಪಸು ಬರುವಾಗ ಆನ್ಸೆಲ್ಮ್ ತಾನಾಗಿಯೇ ಎಡಕ್ಕೆ ತಿರುಗಿಸಿದ. ಇಳಿಯಬಾರದಷ್ಟು ತಗ್ಗಿಗೆ ಇಳಿದ. ರೀಡ್‌ವೀಲರಿನ ತುದಿಯ ಮನೆಯ ಹಿಂದೆ ತಾಯಿ ಮಗಳು ಇಬ್ಬರೂ ತರಕಾರಿ ಪಾತಿಯಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರು. ಹುಲ್ಲಿನ ಮೇಲೆ ಬಟ್ಟೆಯಿರಲಿಲ್ಲ. ಎಂಜಿನ್ನಿನ ಸದ್ದು ಮನೆಯ ಹೆಂಚು ನಡುಗಿಸುವಂತಿತ್ತು. ವಿಮಾನದ ನೆರಳು ಪಾತಿಯ ಮೇಲೆ, ಅವರ ಬೆನ್ನಿನ ಮೇಲೆ ಹಾಯ್ದುಹೋಯಿತು. ಮಗಳು ತಲೆ ಎತ್ತಹೋದಳು. ತಾಯಿ ಕೈ ಚಾಚಿ ಅವಳ ಕತ್ತಿನ ಹಿಂದೆ ಇಟ್ಟಳು.

ಇಬ್ಬರೂ ಮೇಲೆ ನೋಡಲಿಲ್ಲ.